ಕೆಂಪಿಯ ಗೋದಲಿ

ಹೊಳೆಯ ದಂಡೆಯ ಮೇಲಿದ್ದ ಆ ಪುಟ್ಟ ಕ್ರೈಸ್ತ ಆಶ್ರಮದಲ್ಲಿ ಇದ್ದದ್ದು ಮೂರೇ ಜೀವ. ಗುರು ಇನ್ನಾಸಪ್ಪ ಸ್ವಾಮಿ, ಶಿಷ್ಯ ಚೌರಪ್ಪ, ಮತ್ತೆ ಕೆಂಪಿ ಎಂಬ ಮುದಿ ಹಸು.

ಆ ಸಲದ ಕ್ರಿಸ್ಮಸ್ಸಿಗೆ ಚೌರಪ್ಪ ಕೆಂಪಿಯ ಗೋದಲಿಯನ್ನೇ ಎತ್ತಿಕೊಂಡು ಬಂದ. ಮೇವು ಹಾಕುವ ಆ ಮರದ ತೊಟ್ಟಿಯನ್ನು ಬೂದಿ ಹಾಕಿ ಉಜ್ಜಿ, ಹೊಳೆಯಲ್ಲಿ ತೊಳೆದು, ಹೊಸ ಹುಲ್ಲು ಹಾಸಿ, ಬಾಲಯೇಸುವಿನ ಮಣ್ಣಿನ ಬೊಂಬೆ ಮಲಗಿಸಿದ. ಊರಿನವರು ಬಂದು ನೋಡಿ ಹೊಗಳಿದ್ದೇ ಹೊಗಳಿದ್ದು.

ಚೌರಪ್ಪನಿಗೆ ಮಾತ್ರ ಒಳಗೆ ಏನೂ ಆಗಲಿಲ್ಲ. ಹಾಡುವಾಗಲೂ ಇಲ್ಲ, ಮೊಣಕಾಲೂರಿದಾಗಲೂ ಇಲ್ಲ. ಇದು ಅವನನ್ನು ಕೊರೆಯುತ್ತಿತ್ತು, ಏಕೆಂದರೆ ಹಬ್ಬದ ಸಾಲು ಮುಗಿದ ಭಾನುವಾರವೇ ಅವನ ಸನ್ಯಾಸ ದೀಕ್ಷೆ.

ಬಾಲಯೇಸುವನ್ನು ನೋಡಲು ಬಂದ ಮೂರು ರಾಯರ ಹಬ್ಬವೂ ಕಳೆದ ಮರುದಿನ ಬೊಂಬೆಗಳನ್ನು ಹತ್ತಿಯಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬಿದ. ಗೋದಲಿಗೆ ಹುಲ್ಲಿನ ಸಮೇತ ಬಿಳಿ ಬಟ್ಟೆ ಹೊದಿಸಿ, ಹಗ್ಗ ಬಿಗಿದು ಅಟ್ಟಕ್ಕೇರಿಸಿದ.

ಗುರುಗಳು ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು.

"ಸ್ವಾಮಿ, ಒಂದು ಕೇಳ್ಲಾ?"

"ಕೇಳಪ್ಪ."

"ಲೋಕಾನೇ ಮಾಡಿದವನು. ಮಲಗೋಕೆ ನೆಲ ಇತ್ತು, ತಾಯಿ ಮಡಿಲಿತ್ತು. ದನ ತಿನ್ನೋ ಗೋದಲೀಲೇ ಯಾಕೆ ಮಲಗಿದ?"

"ಗೋದಲೀನೇ ಕೇಳು."

"ಅದು ಅಟ್ಟದ ಮೇಲಿದೆ."

"ಅಲ್ಲೇನು ಮಾಡ್ತಿದೆ?"

"ದೇವರು ಮಲಗಿದ ಜಾಗ ಸ್ವಾಮಿ. ಮತ್ತೆ ಕೊಟ್ಟಿಗೇಲಿಟ್ಟು ಎಂಜಲು ಮಾಡಿಸೋದಾ? ಮುಂದಿನ ಕ್ರಿಸ್ಮಸ್ಸಿಗೆ ಇಳಿಸ್ತೀನಿ."

"ಹಾಗಾದ್ರೆ ನಿನ್ನ ಪ್ರಶ್ನೇನೂ ಅದರ ಜೊತೆಗೇ ಕಟ್ಟಿಡು."

ಚೌರಪ್ಪನಿಗೆ ಸಿಟ್ಟು ಬಂತು. "ಉತ್ತರ ಸಿಗದೆ ನಾನು ದೀಕ್ಷೆ ತಗೊಳಲ್ಲ. ಏನೂ ಅನಿಸದೇ ಇರೋನು ಹೂಂ ಅಂದ್ರೆ ಸುಳ್ಳು ಹೇಳಿದ ಹಾಗೆ. ಶನಿವಾರ ಊರಿಗೆ ಹೊರಡ್ತೀನಿ ಸ್ವಾಮಿ."

ಗುರುಗಳು ತಲೆ ಎತ್ತಲಿಲ್ಲ. "ಹೋಗುವಾಗ ಕೆಂಪಿಗೊಂದು ಮಾತು ಹೇಳಿ ಹೋಗು."

ಹಸುವಿಗೆ ಹೇಳಿ ಹೋಗುವುದೆಂದರೇನು? ಮುದುಕರಿಗೆ ಅರಳುಮರಳು ಅಂದುಕೊಂಡ ಚೌರಪ್ಪ. ಆದರೂ ಮಾತು ತಲೆಯಿಂದ ಹೋಗಲಿಲ್ಲ. ಶನಿವಾರ ಬೆಳಿಗ್ಗೆ ಗಂಟು ಹೆಗಲಿಗೇರಿಸಿ ಕೊಟ್ಟಿಗೆಗೆ ಹೋದ.

ಬಾಗಿಲಲ್ಲೇ ನಿಂತುಬಿಟ್ಟ.

ಗುರುಗಳು ಸಗಣಿಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಪಂಚೆಯ ಮಡಿಲ ತುಂಬ ಅವರೆ ಸಿಪ್ಪೆ. ಕೆಂಪಿ ಆ ಮಡಿಲಿಗೇ ಮೂತಿಯಿಟ್ಟು ನಿಧಾನವಾಗಿ ತಿನ್ನುತ್ತಿತ್ತು.

ಗೋದಲಿ ಇಲ್ಲದ್ದರಿಂದ ಚೌರಪ್ಪ ದಿನವೂ ಹುಲ್ಲನ್ನು ನೆಲಕ್ಕೆಸೆದು ಹೋಗುತ್ತಿದ್ದ. ಹಲ್ಲು ಸವೆದ ಹಸುವಿಗೆ ಅದನ್ನು ಆಯ್ದುಕೊಳ್ಳಲು ಆಗುತ್ತಿರಲಿಲ್ಲ. ಹುಲ್ಲೆಲ್ಲ ತುಳಿತಕ್ಕೆ ಸಿಕ್ಕಿ ಸಗಣಿಯಲ್ಲಿ ಬೆರೆತಿತ್ತು. ಹಬ್ಬದ ಸಡಗರದಲ್ಲಿ ಅವನು ಅದರ ಕಡೆ ಕಣ್ಣೆತ್ತಿಯೂ ನೋಡಿರಲಿಲ್ಲ.

"ಎಷ್ಟು ದಿನದಿಂದ ಹೀಗೆ, ಸ್ವಾಮಿ?"

"ಗೋದಲಿ ಇಲ್ಲಿಂದ ಹೋದಾಗಿನಿಂದ."

ಚೌರಪ್ಪನಿಗೆ ನಾಚಿಕೆಯಾಯಿತು. ಗಂಟನ್ನು ಅಲ್ಲೇ ಹಾಕಿ ಓಡಿದ. ಅಟ್ಟ ಹತ್ತಿ, ಹಗ್ಗ ಬಿಚ್ಚಿ, ಬಿಳಿ ಬಟ್ಟೆ ಕಿತ್ತೆಸೆದು, ಗೋದಲಿಯನ್ನು ಹೊತ್ತು ತಂದು ಕೆಂಪಿಯ ಮುಂದಿಟ್ಟ. ಬಾಲಯೇಸು ಮಲಗಿದ್ದ ಹುಲ್ಲು ಅದರಲ್ಲಿ ಹಾಗೇ ಇತ್ತು.

ಕೆಂಪಿ ಮೂಸಿ ನೋಡಿತು. ಆಮೇಲೆ ಬಾಯಿ ಹಾಕಿತು.

ಚೌರಪ್ಪ ಅದರ ಕುತ್ತಿಗೆಯ ಮೇಲೆ ಕೈಯಿಟ್ಟುಕೊಂಡು ನೋಡುತ್ತಾ ನಿಂತ. ಹಬ್ಬದ ದಿನ ಬಾರದಿದ್ದ ಕಣ್ಣೀರು ಈಗ ಬಂತು. ಅದನ್ನು ಒರೆಸಿಕೊಳ್ಳಬೇಕೆಂದೂ ಅವನಿಗೆ ಹೊಳೆಯಲಿಲ್ಲ.

"ಸ್ವಾಮಿ," ಎಂದ, "ಹಸಿದವರಿಗೆ ಸಿಗಲಿ ಅಂತಲೇ ಅಲ್ಲಿ ಮಲಗಿದ್ನಾ?"

ಗುರುಗಳು ಎದ್ದು ಪಂಚೆ ಕೊಡವಿಕೊಂಡರು.

"ನಾಳೆ ನನಗೆ ದೀಕ್ಷೆ ಕೊಡ್ತೀರಾ?"

"ನಾಳೇನೂ ಕೆಂಪಿಗೆ ಹಸಿವಾಗುತ್ತಪ್ಪ. ಮೊದಲು ಅದಕ್ಕೆ ಮೇವು ಹಾಕಿ ಬಾ."