ಇನ್ನಷ್ಟು ಬೆಂಕಿ

“ಬುದ್ಧಿ, ಮಗಳನ್ನು ಇನ್ನಷ್ಟು ಬಿಗಿ ಮಾಡಲೇ?” ಎಂದು ರೇವಣಯ್ಯ ಗುರುಗಳನ್ನು ಕೇಳಿದ. “ಚೆನ್ನಾಗಿಯೇ ಓದುತ್ತಿದ್ದಳು. ಪರೀಕ್ಷೆ ಹತ್ತಿರ ಬಂತೆಂದು ಕೋಣೆಗೆ ಬೀಗ ಹಾಕಿ ಓದಿಸುತ್ತಿದ್ದೇನೆ. ನಿನ್ನೆಯಿಂದ ಅನ್ನ ಮುಟ್ಟಿಲ್ಲ. ಇವತ್ತು ಕರೆದರೂ ಓಗೊಡಲಿಲ್ಲ. ಹಟ ಇರಬೇಕು.”

ಗುರುಗಳು ಅವನ ಸೊಂಟದಲ್ಲಿದ್ದ ಬೀಗದಕೈಯನ್ನು ನೋಡಿದರು.

“ಹಟವೋ ಏನೋ. ಸುಮ್ಮನೆ ಕೂತು ಕೇಳು” ಎಂದರು.

ಒಬ್ಬ ಮೂಸೆ ಮಾಡುತ್ತಿದ್ದ. ಕಂಚು ಕರಗಿಸುವ ಪಾತ್ರೆಯೇ ಮೂಸೆ. ಬಿಳಿಕಲ್ಲನ್ನು ಕಣ್ಣಿಗೆ ಕಾಣದಷ್ಟು ನುಣ್ಣಗೆ ಅರೆದು, ಅದಕ್ಕೆ ಚಿಟಿಕೆ ಬೇರೆ ಮಣ್ಣು ಬೆರೆಸುತ್ತಿದ್ದ. ಹದವಾದ ಬೆಂಕಿಯಲ್ಲಿ ಆ ಚಿಟಿಕೆ ಮಣ್ಣು ಪುಡಿಯ ಒಂದೊಂದು ಕಣದೊಳಗೂ ಸೇರಿಕೊಂಡು ಅದನ್ನು ಒಡೆಯದಂತೆ ಹಿಡಿಯುತ್ತಿತ್ತು. ಮೂಸೆಯ ಜೊತೆಗೆ ಅದೇ ಮಿಶ್ರಣದ ಬಿಲ್ಲೆಗಳನ್ನೂ ಆವಿಗೆಯಲ್ಲಿಡುವುದು ಗಂಡ ಹೆಂಡತಿಯ ವಾಡಿಕೆ. ಆಗಾಗ ಒಂದನ್ನು ಹೊರತೆಗೆದು ಮುರಿದು ನೋಡುತ್ತಿದ್ದರು.

ಅವತ್ತು ಹೆಂಡತಿ ಬಿಲ್ಲೆ ಮುರಿದಳು. ಒಳಗೆ ರಾಗಿಹಿಟ್ಟಿನಷ್ಟು ನುಣುಪು.

“ಹದ ಬಂತು, ಬೆಂಕಿ ತೆಗೀರಿ” ಎಂದಳು.

“ಈ ಮೂಸೆ ಎತ್ತುವವನು ನಿನ್ನ ತಮ್ಮ ಕಣೇ. ಇನ್ನಷ್ಟು ಗಟ್ಟಿಯಾಗಲಿ.”

ಪ್ರೀತಿಯಿಂದಲೇ ಹೇಳಿದ. ಸೌದೆ ಒಟ್ಟುತ್ತಲೇ ಹೋದ. ಆಮೇಲೆ ಬಿಲ್ಲೆ ಮುರಿದು ನೋಡಲೂ ಇಲ್ಲ. ಒಳಗೆ ಕಣಕ್ಕೆ ಕಣ ಸೇರಿ ದಪ್ಪವಾದವು. ಚಿಟಿಕೆ ಮಣ್ಣಿಗೆ ಅವುಗಳೊಳಗೆ ಜಾಗ ಉಳಿಯಲಿಲ್ಲ. ಅದು ಸಂದಿಗೆ ಬಂದು ನಿಂತಿತು. ಮೂಸೆ ಆರುವಾಗ ಸಂದಿಯಲ್ಲೆಲ್ಲ ಕೂದಲೆಳೆಯ ಬಿರುಕು ಬಿಟ್ಟಿತು. ಮೇಲೆ ಮಾತ್ರ ಎಂದಿಗಿಂತ ಹೆಚ್ಚು ಹೊಳೆಯುತ್ತಿತ್ತು.

ಭಾವ ಕೊಟ್ಟ ಮೂಸೆಯೆಂದು ಮೈದುನ ತಟ್ಟಿಯೂ ನೋಡಲಿಲ್ಲ. ಕಂಚು ಕರಗಿತು. ಇಕ್ಕಳದಲ್ಲಿ ಹಿಡಿದು ಎತ್ತಿದ. ಅಚ್ಚಿನ ಹತ್ತಿರ ಬಂದಿದ್ದ, ಅಷ್ಟರಲ್ಲಿ ಮೂಸೆಯ ತಳ ಕಳಚಿತು. ಕಂಚು ಅವನ ಪಾದದ ಮೇಲೆ ಸುರಿಯಿತು.

ಅವನು ಬದುಕಿದ. ಮತ್ತೆ ನಡೆಯಲಿಲ್ಲ. ಅಕ್ಕ ಒಡೆದ ಚೂರೊಂದನ್ನು ಎತ್ತಿ ಮುರಿದಳು. ಒಳಗೆಲ್ಲ ದಪ್ಪ ರವೆ. ಅದನ್ನು ಗಂಡನ ಅಂಗೈಯಲ್ಲಿಟ್ಟು ತಮ್ಮನ ಬಳಿಗೆ ಹೋದಳು.

ರೇವಣಯ್ಯನ ಕೈ ಸೊಂಟದ ಬೀಗದಕೈಗೆ ಹೋಯಿತು. “ಅವನು ಒಳ್ಳೆಯದಕ್ಕೇ ಮಾಡಿದ್ದಲ್ಲವೇ, ಬುದ್ಧಿ?”

“ಒಳ್ಳೆಯದಕ್ಕೇ ಮಾಡಿದ. ನೀನು ಎದ್ದು ಹೋಗಿ ಮೊದಲು ಆ ಬೀಗ ತೆಗೆ.”