ದೂರದ ಮೂಲೆಯ ಗಾರೆ

"ಗುರುಗಳೇ, ಈ ಮಗುವಿನ ಮೈಯಲ್ಲಿ ಕಡಿಮೆಯಿರುವ ಆ ಪ್ರೋಟೀನು ತಾನು ಮೂಳೆಯೂ ಅಲ್ಲ, ಮೃದ್ವಸ್ಥಿಯೂ ಅಲ್ಲ. ಮೆದುವಾದದ್ದು ಇನ್ನು ಗಟ್ಟಿಯಾಗಲಿ ಎಂದು ಜೀನುಗಳಿಗೆ ಹೇಳುವುದಷ್ಟೇ ಅದರ ಕೆಲಸ. ಅದು ಅರ್ಧಕ್ಕಿಳಿದರೆ ಮೈಯ ಮೂಳೆಯೆಲ್ಲ ಅರೆಬರೆಯಾಗಬೇಕಲ್ಲ? ಈ ಮಗುವಿಗೆ ಕೊರಳೆಲುಬು ಮಾತ್ರ ಯಾಕೆ ಬಂದಿಲ್ಲ, ನೆತ್ತಿ ಮಾತ್ರ ಯಾಕೆ ಕೂಡಿಲ್ಲ?"

ಕೇಳಿದವನು ಚೆನ್ನವೀರ, ಮಕ್ಕಳ ವೈದ್ಯ ಕಲಿಯುತ್ತಿದ್ದವನು. ಮಗುವಿನ ತಾಯಿ ವಾರ್ಡಿನ ಹೊರಗೆ ಕೂತಿದ್ದಳು. ಬಸುರಿಯಾಗಿದ್ದಾಗ ಗ್ರಹಣದ ದಿನ ಈಳಿಗೆಮಣೆ ಮುಟ್ಟಿದ್ದಕ್ಕೇ ಹೀಗಾಯಿತೆಂದು ಅವಳ ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದಳು. ಸೊಸೆ ತವರಿಗೇ ಹೋಗಲಿ ಎಂಬ ಮಾತೂ ಎದ್ದಿತ್ತು. ಅದು ಚೆನ್ನವೀರನ ಕಿವಿಗೂ ಬಿದ್ದಿತ್ತು. ಆದರೂ, ಎಲ್ಲ ಸರಿಯಾಗಿ ತಿಳಿದ ಮೇಲೆ ಹೇಳಿದರಾಯಿತೆಂದು ಅವರನ್ನು ದಾಟಿಕೊಂಡು ಒಳಗೆ ಬಂದಿದ್ದ.

ಗುರುಗಳು ಹೇಳತೊಡಗಿದರು.

ಒಬ್ಬ ವರ್ತಕ ಮನೆಗೆ ಮಾಳಿಗೆ ಹಾಕಿಸಿದ. ಹಸಿ ಗಾರೆ ಸುರಿದ ಮೇಲೆ ಹೆಂಗಸರು ಸಾಲಾಗಿ ಕೂತು ಮರದ ಕೊಡತಿಯಿಂದ ಬಡಿಯಬೇಕು. ಬಡಿದರೇ ಅದು ಕಲ್ಲಾಗುವುದು. ಬಡಿಯಿರೆಂದು ಕೂಗುವುದಕ್ಕೆ ಒಬ್ಬಳಿರುತ್ತಾಳೆ, ಅವಳ ಕೈಯಲ್ಲಿ ಕೊಡತಿ ಇಲ್ಲ. ಆದರೆ ಅವಳ ಕೂಗಿಲ್ಲದೆ ಒಂದು ಏಟೂ ಬೀಳಬಾರದು. ಹೊತ್ತಲ್ಲದ ಹೊತ್ತಿಗೆ ಬಡಿದರೆ ಗಾರೆ ಸೀಳುತ್ತದೆ. ಅದು ಅವರ ಕಟ್ಟಳೆ. ಆ ದಿನ ಕೂಗುವವಳ ಗಂಟಲು ಕಟ್ಟಿತ್ತು. ಹತ್ತಿರದ ಸಾಲಿಗೆ ಅರ್ಧ ದನಿಯೇ ಸಾಕಾಯಿತು, ತುದಿಗೆ ಮುಟ್ಟಲಿಲ್ಲ. ಸಂಜೆಗೆ ನೋಡಿದರೆ ಮಾಳಿಗೆಯೆಲ್ಲ ಕಲ್ಲು, ದೂರದ ಮೂಲೆ ಮಾತ್ರ ಮೊಸರು.

ವರ್ತಕ ಆ ಮೂಲೆಯಲ್ಲಿ ಕೂತವಳನ್ನು ಹಿಡಿದ. "ಏನೇ, ದಿನವೆಲ್ಲ ಎಲೆಯಡಿಕೆ ಮೆಲ್ಲುತ್ತ ಕೂತಿದ್ದೆಯಾ?"

"ಕೊಡತಿ ಎತ್ತಿಕೊಂಡೇ ಇದ್ದೆ ಧಣಿ. ರಟ್ಟೆ ನೋಡಿ, ಇನ್ನೂ ನಡುಗ್ತಾ ಇದೆ. ಕೂಗು ಬರಲಿಲ್ಲ."

ಅವನು ನಂಬಲಿಲ್ಲ, ಅವಳನ್ನು ಅಟ್ಟಿದ. ಕೆಲಸ ನೋಡಿಕೊಳ್ಳುತ್ತಿದ್ದ ಮೇಸ್ತ್ರಿಗೆ ನಿಜ ಗೊತ್ತಿತ್ತು. ಆದರೆ ಕೂಗುವವಳ ಗಂಟಲು ಕಟ್ಟಿದ್ದು ಧೂಳಿಗೋ ತಣ್ಣೀರಿಗೋ ಎಂದು ಅವನು ಇನ್ನೂ ವಿಚಾರಿಸುತ್ತಿದ್ದ. ವಿಚಾರ ಮುಗಿಯುವಷ್ಟರಲ್ಲಿ ಮೂಲೆಯವಳು ಊರು ದಾಟಿದ್ದಳು.

ಚೆನ್ನವೀರನ ಮುಖ ಅರಳಿತು. "ತಿಳಿಯಿತು ಗುರುಗಳೇ. ಉಳಿದ ಮೂಳೆಗೆ ಅರ್ಧ ದನಿ ಸಾಕು. ಕೊರಳೆಲುಬಿಗೂ ನೆತ್ತಿಗೂ ಪೂರ್ತಿ ದನಿಯೇ ಬೇಕು. ಅಲ್ಲವೇ?"

"ಹೌದು," ಎಂದರು ಗುರುಗಳು. "ಆ ತಾಯಿ ಇನ್ನೂ ಹೊರಗೆ ಕೂತಿದ್ದಾಳೋ, ನೋಡು."