ತವರಿನಿಂದ ಬಂದ ಕೋಳಿಗಳು

“ಗುರುಗಳೇ, ಮನೆಯಲ್ಲಿ ಕೆಟ್ಟದ್ದು ಹಬ್ಬುತ್ತಿರುವಾಗ, ಕೆಡದೆ ಉಳಿದವನು ಅಲ್ಲಿಂದ ಹೊರಟುಬಿಡುವುದು ತಪ್ಪೇ?” ಎಂದು ರೇವಣಯ್ಯ ಕೇಳಿದ.

ರೇವಣಯ್ಯ ಮಠದ ಹಿರಿಯ ಶಿಷ್ಯ. ಕೆಲವು ಕಾಲದಿಂದ ಮಠದ ಶಿಷ್ಯರು ಎರಡು ಪಂಗಡವಾಗಿದ್ದರು. ಒಬ್ಬರ ಮೇಲೊಬ್ಬರು ಚಾಡಿ ಹೇಳುತ್ತಿದ್ದರು. ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಿರಲಿಲ್ಲ. ಇದರಲ್ಲಿ ತಪ್ಪು ಯಾರದೆಂಬುದನ್ನು ರೇವಣಯ್ಯ ಹೆಸರು ಹಿಡಿದು ವಿವರಿಸಿದ. ತನ್ನ ಮನಸ್ಸಿಗೆ ಮಾತ್ರ ಏನೂ ಅಂಟಿಲ್ಲವೆಂದೂ, ಅಂಟುವ ಮೊದಲೇ ಹೊಳೆಯಾಚೆಯ ಕಿರಿಯ ಮಠಕ್ಕೆ ಹೋಗಿ ಅಲ್ಲಿನ ಮಕ್ಕಳಿಗೆ ಪಾಠ ಹೇಳಿಕೊಂಡಿರುವೆನೆಂದೂ ಅಪ್ಪಣೆ ಬೇಡಿದ.

ಶುರುವಿನಲ್ಲೇ ನನಗೇಕೆ ತಿಳಿಸಲಿಲ್ಲ ಎಂದು ಗುರುಗಳು ಕೇಳಿದರು. ಇಷ್ಟು ಸಣ್ಣ ವಿಷಯಕ್ಕೆ ತಮ್ಮವರೆಗೆ ಬರುವುದೇಕೆ, ನಾವೇ ಸರಿಮಾಡಿಕೊಳ್ಳೋಣ ಎಂದುಕೊಂಡೆವು ಎಂದ. ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ರೈತ ಹೆಂಗಸಿದ್ದಳು. ಹಿತ್ತಿಲ ತುಂಬ ನಾಟಿ ಕೋಳಿ ಸಾಕಿದ್ದಳು. ಕೋಳಿಗಳ ವಿಷಯದಲ್ಲಿ ಅವಳ ಕೈಗುಣ ಊರಿಗೆಲ್ಲ ಗೊತ್ತಿತ್ತು. ತಿಂದ ಕಾಳು ಕತ್ತಿನ ಬುಡದಲ್ಲೇ ಕಟ್ಟಿಕೊಂಡರೆ ಎಣ್ಣೆ ಕುಡಿಸಿ ನೀವುತ್ತಿದ್ದಳು. ಹೇನು ಬಿದ್ದರೆ ಬೂದಿ ಹಚ್ಚುತ್ತಿದ್ದಳು. ಕಾಲಿಗೆ ಮುಳ್ಳು ಹೊಕ್ಕು ಊದಿದರೆ ಮುಳ್ಳು ತೆಗೆದು, ಅರಿಶಿನ ಮೆತ್ತಿ, ಬಟ್ಟೆ ಕಟ್ಟುತ್ತಿದ್ದಳು. ಊರವರು ಕೋಳಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅವಳ ಮನೆ ಬಾಗಿಲಿಗೆ ಬರುತ್ತಿದ್ದರು. ಇದೆಲ್ಲ ಸುಳ್ಳು ವೈದ್ಯ ಎಂದುಕೊಳ್ಳಬೇಡ, ರೇವಣ. ಅವಳ ಕೈಯಲ್ಲಿ ಎಷ್ಟೋ ಕೋಳಿಗಳು ಬದುಕಿದ್ದವು. ಅವಳಿಗೆ ತೊಡಕಾದದ್ದೂ ಅದೇ.

ಒಂದು ಬೆಳಗ್ಗೆ ಗೂಡು ತೆಗೆದಾಗ ಒಂದು ಹೇಂಟೆ ಹೊರಗೆ ಬರಲಿಲ್ಲ. ರೆಕ್ಕೆ ಇಳಿಬಿಟ್ಟು, ಕಣ್ಣು ಮುಚ್ಚಿ ತೂಕಡಿಸುತ್ತಿತ್ತು. ಹಿಕ್ಕೆ ಹಸಿರಾಗಿ ನೀರಾಗಿತ್ತು. ಅವಳು ಅದನ್ನು ಬೇರೆ ಮಾಡಿ ಬುಟ್ಟಿ ಕವುಚಿದಳು. ಬೆಳ್ಳುಳ್ಳಿ, ಮೆಣಸು, ಅರಿಶಿನ ಅರೆದು ಕುಡಿಸಿದಳು. ನಾಳೆಯೂ ಕಾಳು ಮುಟ್ಟದಿದ್ದರೆ ದನದ ಆಸ್ಪತ್ರೆಗೆ ಒಯ್ಯುತ್ತೇನೆ ಎಂದು ತನಗೆ ತಾನೇ ಹೇಳಿಕೊಂಡಳು. ಮಾರನೆಯ ದಿನ ಹೇಂಟೆ ಒಂದೆರಡು ಕಾಳು ಕುಕ್ಕಿತು. ಅವಳಿಗೆ ಅಷ್ಟು ಸಾಕಾಯಿತು.

ಆಮೇಲೆ ಅದು ಸತ್ತಿತು. ಮುದಿ ಕೋಳಿ, ಬಿಸಿಲು ಬೇರೆ, ಇನ್ನೊಂದು ಮಲಗಿದರೆ ಒಯ್ದರಾಯಿತು ಎಂದಳು. ಇನ್ನೊಂದೂ ಮಲಗಿತು. ಅದು ಬಾಯಿ ತೆರೆದು ಉಸಿರೆಳೆಯುತ್ತಿತ್ತು. ಇದಕ್ಕೆ ನೆಗಡಿ, ಅದರ ಕಾಯಿಲೆಯೇ ಬೇರೆ ಎಂದಳು. ಮೂರನೆಯದು ಕತ್ತು ತಿರುಚಿಕೊಂಡು ಗಿರಗಿರ ಸುತ್ತತೊಡಗಿತು. ಅದನ್ನು ನೋಡಿ ಗಂಡ ಹೆದರಿದ. ತಾನೇ ಆಸ್ಪತ್ರೆಗೆ ಒಯ್ದು ಬರುತ್ತೇನೆಂದು ಹೊರಟ. ಅವಳು ಬಾಗಿಲಿಗೆ ಅಡ್ಡ ನಿಂತಳು.

“ಊರೋರೆಲ್ಲ ಕೋಳಿ ತಂದು ನನ್ ಮುಂದೆ ಇಡ್ತಾರೆ. ನಮ್ಮನೆ ಕೋಳೀನೇ ಕಂಕುಳಲ್ಲಿ ಇಟ್ಕೊಂಡು ಡಾಕ್ಟರ ಹತ್ರ ಹೋದ್ರೆ ನಾಳೆಯಿಂದ ನನ್ನ ಯಾರು ಕೇಳ್ತಾರೆ?” ಎಂದಳು.

ಗಂಡ ಸುಮ್ಮನಾದ. ಅವನು ಅವತ್ತು ಸುಮ್ಮನಾಗಬಾರದಿತ್ತು. ನೆನೆಸಿಕೊಂಡರೆ ನನಗೆ ಅವಳಿಗಿಂತ ಅವನ ಮೇಲೆಯೇ ಸಿಟ್ಟು ಬರುತ್ತದೆ.

ಗೂಡಿಗೆ ಕಾಯಿಲೆ ಬಿದ್ದಾಗ ನಮ್ಮ ಜನರಲ್ಲಿ ಒಂದು ರೂಢಿ ಇದೆ. ಲವಲವಿಕೆಯಿಂದ ಓಡಾಡುತ್ತಿರುವ ಕೋಳಿಗಳನ್ನು ಆರಿಸಿ ನೆಂಟರ ಮನೆಗೆ ಸಾಗಿಸುತ್ತಾರೆ. ಇಲ್ಲಿನ ಗಾಳಿ ಕಳೆದ ಮೇಲೆ ಮರಳಿ ತರುತ್ತಾರೆ. ಬೀಜಕ್ಕಾದರೂ ಉಳಿಯಲಿ ಎಂಬ ಆಸೆ ಅದು. ಅವಳೂ ಹಾಗೆಯೇ ಮಾಡಿದಳು. ಪಕ್ಕದೂರಿನಲ್ಲಿ ಅವಳ ಮಗಳಿದ್ದಳು. ಮಗಳ ಗಂಡ ಮರದಿಂದ ಬಿದ್ದು, ಸೊಂಟ ಮುರಿದುಕೊಂಡು ಮಲಗಿದ್ದ. ಮಗಳು ಕೋಳಿ ಸಾಕಿ, ಮೊಟ್ಟೆ ಮರಿ ಮಾರಿ ಮನೆ ನಡೆಸುತ್ತಿದ್ದಳು. ಬೇರೆ ಆಧಾರ ಅವಳಿಗೆ ಇರಲಿಲ್ಲ.

ತಾಯಿ ಒಂದೊಂದೇ ಕೋಳಿಯ ಕಣ್ಣು ನೋಡಿ, ಹಿಕ್ಕೆ ನೋಡಿ, ರೆಕ್ಕೆ ಬಿಡಿಸಿ ನೋಡಿ ಆರಿಸಿದಳು. ಹೊಳೆಯುವಂಥ ಕೋಳಿಗಳನ್ನೇ ಬುಟ್ಟಿಗೆ ಹಾಕಿದಳು. ಮಗಳ ಮನೆಗೆ ಒಯ್ದು, ನಿನ್ನ ಕೂಸಿಗೆ ಮೊಟ್ಟೆ ಸಿಗಲಿ ಎಂದು ತಂದೆ ಎಂದಳು. ಕಾಯಿಲೆಯ ಸುದ್ದಿ ಎತ್ತಲಿಲ್ಲ. ಹೇಳಿದರೆ ಮಗಳು ಸುಮ್ಮನೆ ಗಾಬರಿಯಾಗುತ್ತಾಳೆ ಎಂದುಕೊಂಡಳು. ಮಗಳು ಹಿಗ್ಗಿದಳು. ಅವ್ವನ ಕೋಳಿಗಳನ್ನು ಬೇರೆ ಇಡುವುದುಂಟೇ? ತನ್ನ ಕೋಳಿಗಳ ನಡುವೆಯೇ ಬಿಟ್ಟಳು. ಒಂದೇ ಬೋಗುಣಿಯಲ್ಲಿ ನೀರಿಟ್ಟಳು.

ಇತ್ತ ತಾಯಿಯ ಮನೆಯಲ್ಲಿ ಉಳಿದಿದ್ದ ಕೋಳಿಗಳಲ್ಲಿ ಒಂದೂ ಬದುಕಲಿಲ್ಲ. ಅವಳು ಗೂಡು ತೊಳೆದು ಸುಣ್ಣ ಬಳಿದಳು. ಕೆಲವು ವಾರ ಕಳೆದವು. ಸದ್ಯ, ಅಲ್ಲಿಗೆ ಕಳಿಸಿದವಾದರೂ ಉಳಿದವಲ್ಲ ಎಂದು ಸಮಾಧಾನ ಪಟ್ಟುಕೊಂಡು, ಖಾಲಿ ಬುಟ್ಟಿ ಹಿಡಿದು ಮಗಳ ಊರಿಗೆ ಹೊರಟಳು.

ಮಗಳ ಅಂಗಳದಲ್ಲಿ ಒಂದು ಕೋಳಿಯೂ ಇರಲಿಲ್ಲ. ಗೂಡಿನ ಬಾಗಿಲು ಕಿತ್ತುಬಂದಿತ್ತು. ಹಿತ್ತಿಲಲ್ಲಿ ಹೊಸ ಮಣ್ಣು ಮುಚ್ಚಿದ ದೊಡ್ಡ ಗುಂಡಿ ಇತ್ತು. ತಾಯಿಯನ್ನು ಕಂಡದ್ದೇ ಮಗಳು ಓಡಿಬಂದು ಕಾಲು ಹಿಡಿದುಕೊಂಡಳು.

“ನನ್ನ ಕ್ಷಮಿಸವ್ವಾ. ನಿನ್ ಕೋಳಿಗಳನ್ನ ಉಳಿಸ್ಕೊಳ್ಳೋಕೆ ಆಗ್ಲಿಲ್ಲ. ನನ್ ಅಂಗಳದ ಕಾಯ್ಲೆ ಅವಕ್ಕೂ ತಗುಲ್ತು,” ಎಂದಳು.

ಮಗಳು ಅಳುತ್ತ ನಡೆದದ್ದನ್ನೆಲ್ಲ ಹೇಳಿದಳು. ಮೊದಲ ಕೋಳಿ ತೂಕಡಿಸಿದ ದಿನವೇ ಅವಳು ಅದನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಆಸ್ಪತ್ರೆಗೆ ಹೋಗಿದ್ದಳು. ಬಸ್ಸಿನವರು ನಕ್ಕರೂ ಲೆಕ್ಕಿಸಿರಲಿಲ್ಲ. ಇದು ಕೊಕ್ಕರೆ ರೋಗ, ಬಂದ ಮೇಲೆ ಮದ್ದಿಲ್ಲ ಎಂದು ಡಾಕ್ಟರು ಹೇಳಿದ್ದರು. ಬರುವ ಮೊದಲಾದರೆ ಲಸಿಕೆ ಇತ್ತು. ಈಗ ಚೆನ್ನಾಗಿ ಕಾಣುವ ಕೋಳಿಯ ಮೈಯಲ್ಲೂ ಅದು ಇರಬಹುದು, ಒಂದನ್ನೂ ಹೊರಗೆ ಕಳಿಸಬೇಡ, ಸತ್ತದ್ದನ್ನು ಸುಣ್ಣ ಹಾಕಿ ಆಳಕ್ಕೆ ಹೂಳು ಎಂದಿದ್ದರು. ಅವರು ಹೇಳಿದಂತೆಯೇ ಅವಳು ಮಾಡಿದ್ದಳು. ಈ ಮಾತನ್ನೆಲ್ಲ ತಾಯಿ ಮೊದಲ ಹೇಂಟೆ ಮಲಗಿದ ದಿನವೇ ಕೇಳಿಸಿಕೊಳ್ಳಬಹುದಿತ್ತು, ರೇವಣ. ಕೇಳಿದ್ದರೆ ಅವಳ ಗೂಡು ಹೋಗುತ್ತಿತ್ತು, ಮಗಳ ಗೂಡು ಉಳಿಯುತ್ತಿತ್ತು.

ಮಗಳು ಸೆರಗಿನಿಂದ ಮುಖ ಒರೆಸಿಕೊಂಡು ಕೊನೆಗೆ ಒಂದು ಮಾತು ಹೇಳಿದಳು.

“ಹೊರಗಿನ ಕೋಳಿ ಏನಾದ್ರೂ ತಂದು ಸೇರಿಸಿದ್ದೆಯೇನಮ್ಮಾ ಅಂತ ಡಾಕ್ಟ್ರು ಮತ್ತೆ ಮತ್ತೆ ಕೇಳಿದ್ರು. ಇಲ್ಲ ಅಂದೆ. ತವರಿಂದ ಬಂದದ್ದು ಹೊರಗಿಂದಾಗ್ತದಾ ಅವ್ವಾ?”

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಒಂದು ಬಡವರ ಮನೆ ಹೀಗೆ ಬರಿದಾಗಬಹುದೆಂದು ರೇವಣಯ್ಯ ಎಣಿಸಿರಲಿಲ್ಲ. ಆಗಲಾದರೂ ತಾಯಿ ನಿಜ ಹೇಳಿದಳೇ ಎಂದು ಕೇಳಿದ.

ಹೇಳಿದಳು ಎಂದರು ಗುರುಗಳು. ಅಂಗಳದಲ್ಲೇ ಕುಸಿದು ಕೂತು, ಒಂದನ್ನೂ ಮುಚ್ಚಿಡದೆ ಹೇಳಿದಳು. ಆದರೆ ಮಗಳು ನಂಬಲಿಲ್ಲ. ನನ್ನ ಸಂಕಟ ನೋಡಲಾರದೆ ನೀನು ತಪ್ಪನ್ನು ನಿನ್ನ ಮೇಲೆ ಎಳೆದುಕೊಳ್ಳುತ್ತಿದ್ದೀಯೆ ಎಂದು ತಾಯಿಯನ್ನೇ ಸಂತೈಸಿದಳು. ಅಕ್ಕಿ ಇಲ್ಲದ ಮನೆಯಲ್ಲಿ ಎಲ್ಲಿಂದಲೋ ಅಕ್ಕಿ ತಂದು, ಅನ್ನ ಮಾಡಿ ಬಡಿಸಿದಳು. ಆ ತಾಯಿ ಆ ಅನ್ನವನ್ನು ಹೇಗೆ ನುಂಗಿದಳೋ ನಾನು ಕಾಣೆ.

ರೇವಣಯ್ಯ ತಲೆ ತಗ್ಗಿಸಿದ. ಆಮೇಲೆ, ತನ್ನ ವಿಷಯ ಬೇರೆ, ತನಗೆ ಯಾವ ಕಾಯಿಲೆಯೂ ಇಲ್ಲವಲ್ಲ ಎನ್ನಲು ಬಾಯಿ ತೆರೆದ. ಗುರುಗಳು ಅವನ ಮುಖವನ್ನೇ ನೋಡುತ್ತಿದ್ದರು.

“ಹೊಳೆಯಾಚೆಯ ಆ ಮಕ್ಕಳೂ ನಿನ್ನನ್ನು ಹೊರಗಿನವನೆಂದು ಎಣಿಸುವುದಿಲ್ಲ, ರೇವಣ,” ಎಂದರು ಗುರುಗಳು.